ಬಾಯಿ ಮುಚ್ಚಿಕೊಂಡು ಓದುವ ಕಷ್ಟ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಯಿ ಮುಚ್ಚಿಕೊಂಡು ಓದಲು ನನಗೆ ಬರುವುದಿಲ್ಲ. ತುಟಿ ಅಲುಗಿದರೆ ಮಾತ್ರ ಅಕ್ಷರ ಅಲುಗುತ್ತದೆ, ದನಿ ಹೊರಟರೆ ಮಾತ್ರ ಅರ್ಥ ಹೊರಡುತ್ತದೆ. ಬರೀ ಕಣ್ಣಿನಿಂದ ನೋಡಿದರೆ ಪುಟವೆಂಬುದು ಮೊರದಲ್ಲಿ ಹರವಿದ ಹುರುಳಿಯ ಹಾಗೆ. ಕಾಳು ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ. ನೀವು ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು, ಪಿಟ್ಟೆನ್ನದೆ ಪುಟ ತಿರುವುತ್ತೀರಲ್ಲ, ನಿಮ್ಮನ್ನು ನೋಡಿದರೆ ನನಗೆ ಗಾರುಡಿಗರನ್ನು ನೋಡಿದಷ್ಟೇ ಬೆರಗು.

ಇದಕ್ಕೆ ನನ್ನ ಓದು ನಡೆದುಬಂದ ದಾರಿಯೇ ಕಾರಣ ಇರಬೇಕು. ಎರಡನೆಯ ಇಯತ್ತೆಗೆ ನನ್ನ ಸಾಲಿ ಮುಗಿಯಿತು. ಮನೆಯಲ್ಲಿ ತಮ್ಮ ಹುಟ್ಟಿದ್ದ, ಅವನನ್ನು ಎತ್ತಿಕೊಂಡು ತಿರುಗಲು ಒಂದು ಸೊಂಟ ಬೇಕಾಗಿತ್ತು. ಮತ್ತೆ ನಾನು ಅಕ್ಷರ ಹಿಡಿದದ್ದು ನಾಲ್ಕು ಮೊಮ್ಮಕ್ಕಳಾದ ಮೇಲೆ, ನಮ್ಮ ಕಟಕೋಳದಲ್ಲಿ ದೊಡ್ಡವರಿಗೆ ಓದು ಕಲಿಸುವ ಮಧ್ಯಾಹ್ನದ ಕ್ಲಾಸು ಶುರುವಾದಾಗ. ನಾವು ಏಳು ಮಂದಿ ಹೆಂಗಸರು ಒಂದೇ ದನಿಯಲ್ಲಿ ಕೂಗಿ ಕೂಗಿ ಕಲಿತೆವು. ಓಣಿಯ ನಾಯಿಗಳಿಗೂ ಕಾಗುಣಿತ ಬರುತ್ತದೆ ಎಂದು ಗಂಡಸರು ನಗುತ್ತಿದ್ದರು. ಹಾಗೆ ಕೂಗಿ ಒಳಗೆ ಹೋದ ಅಕ್ಷರ, ಕೂಗದೆ ಹೊರಗೆ ಬಾ ಎಂದರೆ ಬಂದೀತು ಹೇಗೆ?

ಅದೂ ಅಲ್ಲದೆ ನಮ್ಮ ಕಡೆ ಓದುವುದು ಒಬ್ಬರ ಕೆಲಸವೇ ಅಲ್ಲ. ಚಹಾದಂಗಡಿಯಲ್ಲಿ ಪೇಪರು ಒಂದೇ; ಒಬ್ಬ ಓದುತ್ತಾನೆ, ಹತ್ತು ಮಂದಿ ಕೇಳುತ್ತಾರೆ, ಇಬ್ಬರು ಜಗಳಾಡುತ್ತಾರೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಓದುವವರು ಒಬ್ಬರು, ಅರ್ಥ ಬಿಡಿಸಿ ಹೇಳುವವರು ಇನ್ನೊಬ್ಬರು. ಯಾರದಾದರೂ ಮನೆಗೆ ಪತ್ರ ಬಂದರೆ ಬಾಗಿಲಲ್ಲಿ ನಿಂತು 'ಏನ ಬರದಾರವಾ?' ಎಂದು ಕೇಳುವುದು ಮರ್ಯಾದೆ. ಓದಿ ಹೇಳದೆ ಮಡಿಚಿಟ್ಟುಕೊಂಡರೆ ಅದು ಸೊಕ್ಕು. ಎದುರಿಗೆ ಕೂತವರನ್ನು 'ಬರ್ರಿ, ಊಟ ಮಾಡೂಣು' ಎಂದು ಕರೆಯದೆ ತುತ್ತೆತ್ತದ ಮಂದಿ ನಾವು. ಪುಸ್ತಕದ ವಿಷಯದಲ್ಲೂ ನಮ್ಮ ರೀತಿ ಅದೇ.

ಇಂಥ ನನಗೆ ಗ್ರಂಥಾಲಯಕ್ಕೆ ಹೋಗುವ ಯೋಗ ಬಂತು.

ಮಗಳ ಮಗಳು ಕಸ್ತೂರಿಗೆ ಬೆಳಗಾವಿಯಲ್ಲಿ ಹೊಸದಾಗಿ ತೆರೆದ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿಡುವ, ಕೊಟ್ಟು ತೆಗೆದುಕೊಳ್ಳುವ ಕೆಲಸ ಸಿಕ್ಕಿತು. ನನ್ನ ಸಂತೋಷ ಹೇಳತೀರದು. ಅಂಗಡಿಯವನಿಗೆ ಹೇಳಿದೆ, ಹಾಲಿನವಳಿಗೆ ಹೇಳಿದೆ, ಹೇಳಿದ್ದು ಮರೆತು ಮತ್ತೊಮ್ಮೆ ಹೇಳಿದೆ. ನೋಡಿ ಬರೋಣವೆಂದು ಬಸ್ಸು ಹತ್ತಿದ ದಿನ ಕಂಡಕ್ಟರನನ್ನೂ ಬಿಡಲಿಲ್ಲ. ಅವನು ಪಾಪ ಒಂದಿಷ್ಟು ಹೊತ್ತು ಕೇಳಿ, "ಅಜ್ಜಿ, ನಿಮ್ಮ ಮೊಮ್ಮಗಳ ಸುದ್ದಿ ಬೈಲಹೊಂಗಲ ಬರೂದ್ರಾಗ ಮುಗೀತೈತೇನ್ರಿ? ನಾ ಉಳದವ್ರಿಗೆ ಟಿಕೇಟ್ ಕೊಡಬೇಕ್ರಿ" ಎಂದ. ಬೈಲಹೊಂಗಲದಲ್ಲಿ ಇಳಿದು ಬೇರೆ ಬಸ್ಸು ಹತ್ತುವುದಿತ್ತು. ಮುಗಿದಿರಲಿಲ್ಲ, ಉಳಿದದ್ದನ್ನು ಆ ಬಸ್ಸಿನವರಿಗೆ ಹೇಳಿದೆ.

ಹೊರಡುವ ಮುಂಚೆ ನನ್ನ ಜೊತೆ ಕ್ಲಾಸಿನಲ್ಲಿ ಕಲಿತ ನೀಲವ್ವ ಒಂದು ಕೊಕ್ಕೆ ಹಾಕಿಯೇ ಕಳಿಸಿದ್ದಳು. "ಮೊಮ್ಮಗಳ ಆಫೀಸ ನೋಡಿ ಬಂದ್ರ ಏನ ದೊಡ್ಡಸ್ತನ? ಅಲ್ಲೇ ಕುಂತು ಒಂದ ಪುಟ ಓದಿ ಬಾ. ಇಲ್ಲಂದ್ರ ಬೀಗರ ಮನಿ ಹೊಸ್ತಲಾ ಮುಟ್ಟಿ ಹೊಳ್ಳಿ ಬಂದಂಗ" ಎಂದಳು. ನನಗೂ ಹಟ ಬಂತು. ಒಂದು ಪುಟ. ಹೆಚ್ಚು ಬೇಡ. ಅಷ್ಟು ದೊಡ್ಡ ಓದುವ ಮನೆಯಲ್ಲಿ, ಓದುವವರ ನಡುವೆ ಕೂತು, ನನ್ನದೂ ಒಂದು ಪುಟ.

ಬಾಗಿಲಲ್ಲೇ ಕಸ್ತೂರಿ ಕೈ ಹಿಡಿದು ನಿಲ್ಲಿಸಿದಳು. "ಆಯಿ, ನಿನ್ನ ಕಾಲ ಬೀಳ್ತೇನಿ. ಒಳಗ ಮಾತಾಡಬ್ಯಾಡ. ನನ್ನ ಇನ್ನೂ ಕಾಯಂ ಮಾಡಿಲ್ಲ, ಆರ ತಿಂಗಳ ನೋಡ್ತಾರ."

"ನಾ ಎಲ್ಲೆ ಮಾತಾಡ್ತೇನವಾ?"

"ರಿಕ್ಷಾದಾವನ ಹೇಂತಿ ತವರ ಮನಿ ಯಾವೂರಂತ ಈಗರೆ ನನಗ ಹೇಳಿದೆಲ್ಲಾ!"

ಅದು ಮಾತಲ್ಲ, ವಿಚಾರಣೆ. ಆದರೂ ಒಪ್ಪಿಕೊಂಡೆ.

ಒಳಗೆ ಹೋದರೆ ಇನ್ನೂ ಹಸಿ ಬಣ್ಣದ ವಾಸನೆ. ಕೆಲವು ಕುರ್ಚಿಗಳಿಗೆ ಹೊದಿಸಿದ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ. ಆಳೆತ್ತರದ ಕಿಟಕಿಗಳು. ಕಬ್ಬಿಣದ ಕಪಾಟುಗಳಲ್ಲಿ ಪುಸ್ತಕಗಳು ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಇಷ್ಟನ್ನೂ ನನ್ನ ಕಸ್ತೂರಿ ಜೋಡಿಸಿದ್ದಾಳೆ! ಸಣ್ಣವಳಿದ್ದಾಗ ತನ್ನ ಎರಡು ಚಪ್ಪಲಿಯನ್ನು ಜೋಡಿಸಿ ಬಿಡದ ಹುಡುಗಿ. ಕಣ್ಣು ತುಂಬಿ ಬಂತು; ಸೆರಗಿನಿಂದ ಒರೆಸಿಕೊಂಡೆ, ಸದ್ದಿಲ್ಲದೆ. ಅಳುವುದಕ್ಕಾದರೂ ದನಿ ಬೇಕಾಗಿಲ್ಲವಲ್ಲ ಎಂದು ಸಮಾಧಾನವಾಯಿತು.

ಆದರೆ ಅಲ್ಲಿ ಕೂತವರನ್ನು ನೋಡಿ ಮನಸ್ಸು ಸ್ವಲ್ಪ ಕಸಿವಿಸಿಯಾಯಿತು. ಮೂವತ್ತು ನಲವತ್ತು ಮಂದಿ ಇದ್ದಾರು. ಎಲ್ಲರೂ ತಮ್ಮ ತಮ್ಮ ಪುಸ್ತಕಕ್ಕೆ ಮುಖ ಹಚ್ಚಿ ಕೂತಿದ್ದಾರೆ. ಪಕ್ಕದವನು ಏನು ಓದುತ್ತಿದ್ದಾನೆ ಎಂದು ಒಬ್ಬನೂ ಕೇಳುವುದಿಲ್ಲ. ಒಂದೇ ಪಂಕ್ತಿಯಲ್ಲಿ ಕೂತು ಎಲ್ಲರೂ ಬೇರೆ ಬೇರೆ ಬುತ್ತಿ ಬಿಚ್ಚಿ, ಮರೆಮಾಡಿಕೊಂಡು ಉಂಡ ಹಾಗೆ ಕಂಡಿತು ನನಗೆ.

ನಾನೂ ಒಂದು ಪುಸ್ತಕ ಆರಿಸಿಕೊಂಡೆ. ಎಮ್ಮೆ ಸಾಕುವ ವಿಷಯದ್ದು. ಅಕ್ಷರ ದೊಡ್ಡವು, ಗೊತ್ತಿದ್ದ ವಿಷಯವಾದರೆ ಓದು ಸುಲಭ ಎಂಬ ಲೆಕ್ಕ. ಕನ್ನಡಕ ಏರಿಸಿ, ಬೆರಳಿಟ್ಟು, ಆದಷ್ಟು ಸಣ್ಣ ದನಿಯಲ್ಲಿ ಶುರು ಮಾಡಿದೆ. "ಎ-ಮ್ಮೆ-ಗೆ ದಿ-ನ-ಕ್ಕೆ ಎ-ರ-ಡು ಸ-ಲ..."

ಎದುರಿಗೆ ಕೂತಿದ್ದ ಪಂಚೆಯ ಹಿರಿಯರೊಬ್ಬರು ತಲೆ ಎತ್ತಿ ನನ್ನನ್ನೇ ನೋಡಿದರು. ನನ್ನ ತಪ್ಪು ನಡೆದದ್ದು ಇಲ್ಲೇ. ನಮ್ಮೂರಲ್ಲಿ ಓದುವಾಗ ಯಾರಾದರೂ ತಲೆ ಎತ್ತಿ ನೋಡಿದರೆ, ಅವರಿಗೆ ಕೇಳಿಸುತ್ತಿಲ್ಲ, ಸ್ವಲ್ಪ ಏರಿಸಿ ಓದಿರಿ ಎಂದೇ ಅರ್ಥ. ಪಾಪ, ವಯಸ್ಸಾದವರು, ಕಿವಿ ಮಂದ ಇರಬೇಕು ಎಂದುಕೊಂಡು ದನಿ ಏರಿಸಿದೆ. ಅವರು ಇನ್ನಷ್ಟು ನೋಡಿದರು. ನಾನು ಇನ್ನಷ್ಟು ಏರಿಸಿದೆ. ಎಮ್ಮೆಯ ಮೈ ತೊಳೆಯುವ ವಿಚಾರ ಇಡೀ ಗ್ರಂಥಾಲಯಕ್ಕೆ ಮುಟ್ಟಿತು.

"ತಾಯಿ," ಎಂದರು ಅವರು ಕೈ ಮುಗಿದು, "ಮನಸ್ಸಿನಾಗ ಓದ್ರಿ."

"ಮನಸ್ಸಿಗೆ ಇನ್ನೂ ಓದಾಕ ಬರೂದಿಲ್ರಿ ಯಪ್ಪಾ. ಬಾಯಿಗೆ ಅಷ್ಟ ಬರತೈತಿ" ಎಂದೆ. ಸತ್ಯವನ್ನೇ ಹೇಳಿದ್ದು.

ನಾಲ್ಕಾರು ಮಂದಿ ನಕ್ಕರು. ದೂರದ ಮೇಜಿನಿಂದ ದೊಡ್ಡ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ಕಸ್ತೂರಿ ಕೈಯಲ್ಲಿದ್ದ ಪುಸ್ತಕ ಬಿಟ್ಟು ಓಡಿ ಬಂದಳು, ಮುಖ ಕೆಂಪಾಗಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಇನ್ನೊಮ್ಮೆ ಪ್ರಯತ್ನ ಮಾಡಿದೆ. ಉಹೂಂ. ಹುರುಳಿ, ಬರೀ ಹುರುಳಿ. ಒಂದು ಸಾಲೂ ಕಾಳಾಗಲಿಲ್ಲ. ಪುಸ್ತಕ ಮಡಿಚಿ ಎದ್ದೆ. ನನ್ನ ಒಂದು ಪುಟಕ್ಕಾಗಿ ಹುಡುಗಿಯ ಅನ್ನ ಕೆಡಿಸಬಾರದು.

ಕಸ್ತೂರಿ ಹಿಂದೆಯೇ ಬಂದಳು. "ಸಿಟ್ಟಾದೇನ ಆಯಿ?"

"ಇಲ್ಲವಾ. ನೀ ಹೋಗಿ ಕೆಲಸಾ ನೋಡು. ನಾ ಹೊರಗ ಗಾಳಿಗೆ ಕುಂಡರತೇನಿ." ಸಿಟ್ಟು ಇರಲಿಲ್ಲ ನಿಜ. ಆದರೆ ಮನಸ್ಸು ತುಂಬಿರಲಿಲ್ಲ. ಅರ್ಧ ಉಂಡು ಎಬ್ಬಿಸಿದರೆ ಆಗುತ್ತದಲ್ಲ, ಹಾಗೆ.

ಪಡಸಾಲೆಯ ಉದ್ದಕ್ಕೂ ನಡೆದು ಹೋಗುತ್ತಿದ್ದರೆ ಕೊನೆಯ ಕೋಣೆಯ ತೆರೆದ ಬಾಗಿಲಿನಿಂದ ಒಂದು ಹುಡುಗಿಯ ದನಿ ಬಂತು. "ಯಾರ್ರಿ ಅದು? ಎಮ್ಮಿದು ಓದಾಕತ್ತಿದ್ರಲ್ಲಾ, ಅವರಽ ಏನ್ರಿ?"

ಇಲ್ಲಿಯವರೆಗೂ ಕೇಳಿತ್ತೇ! ನಾಚಿಕೆಯಿಂದ ನೆಲ ನೋಡುತ್ತ ಒಳಗೆ ಇಣುಕಿದೆ. ಹದಿನೆಂಟು ಹತ್ತೊಂಬತ್ತರ ಹುಡುಗಿ, ತಲೆಯ ಮೇಲೆ ದುಪಟ್ಟಾ. ಮುಂದೆ ಒಂದು ದಪ್ಪ ಪುಸ್ತಕ, ಅದರ ಪಕ್ಕ ಸಾಲು ಸಾಲು ಕಿಂಡಿಗಳಿದ್ದ ಒಂದು ಪಟ್ಟಿ. ನನ್ನತ್ತ ಮುಖ ತಿರುಗಿಸಿದ್ದಳು, ಕಣ್ಣು ಮಾತ್ರ ನನ್ನ ಭುಜದಾಚೆಗೆ ಎಲ್ಲೋ ಇತ್ತು. ಅದು ಕಣ್ಣು ಕಾಣದವರಿಗಾಗಿ ಇಟ್ಟ ಕೋಣೆ ಎಂದು ಆಗ ತಿಳಿಯಿತು.

ಹೆಸರು ಶಬಾನಾ, ಸಂಪಗಾಂವದವಳು, ಡಿಗ್ರಿ ಮೊದಲನೆಯ ವರ್ಷ. ನಾಳೆ ಭೂಗೋಳದ ಪರೀಕ್ಷೆ. ದಿನಾ ಬಂದು ಓದಿ ಹೇಳುವವರ ಮಗುವಿಗೆ ಜ್ವರವಂತೆ, ಅವರು ಬಂದಿಲ್ಲ. ಮಣ್ಣಿನ ಪಾಠ ಹಾಗೇ ಉಳಿದಿದೆ. ಬೆಳಗಿನಿಂದ ಪುಸ್ತಕ ಮುಂದಿಟ್ಟುಕೊಂಡು ಯಾರಾದರೂ ಬಂದಾರು ಎಂದು ಕೂತಿದ್ದಾಳೆ.

"ಒಂದೆರಡ ಪುಟಾ ಓದಿ ಹೇಳ್ತೀರೇನ್ರಿ, ಅಮ್ಮಾರ?"

"ನಾ ಭಾಳ ಸಾವಕಾಶ ಓದತೇನವಾ. ನನ್ನ ಓದ ಕೇಳಿದ್ರ ನಿನ್ನ ಪರೀಕ್ಷಾ ಮುಗದ ಹೋಗತೈತಿ."

"ಎಷ್ಟ ಸಾವಕಾಶರಿ?"

"ಒಂದೊಂದ ಅಕ್ಷರಾ ಕೂಡಿಸಿ ಕೂಡಿಸಿ."

ಹುಡುಗಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. "ಅದಽ ಬೇಕ್ರಿ ನನಗ! ಬರೋರೆಲ್ಲಾ ರೈಲ ಬಿಟ್ಟಂಗ ಓದ್ತಾರ. ನಾ ಒಂದೊಂದ ಚುಕ್ಕಿ ಚುಚ್ಚಿ ಬರಕೊಳ್ಳೂದು. ಕೈ ಹಿಂದ ಬೀಳತೈತ್ರಿ, ಮತ್ತ ಮತ್ತ ಕೇಳಿದ್ರ ಬ್ಯಾಸರಾಗತಾರ."

ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನ ಓದಿನ ವೇಗವನ್ನು ಹೊಗಳಿದರು. ಕಸ್ತೂರಿಯನ್ನು ಕರೆದು ಕೇಳಿದೆ. ಅವಳು ಹೋಗಿ ಸಾಹೇಬರನ್ನು ಕೇಳಿ ಬಂದಳು. "ಆ ಕೋಲ್ಯಾಗ ಎಷ್ಟ ಬೇಕಾದ್ರೂ ಒದರಬಹುದಂತ ಆಯಿ. ಬಾಗಲಾ ಅಷ್ಟ ಹಾಕ್ಕೊಬೇಕಂತ" ಎಂದು ನಗುತ್ತ ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಶುರು ಮಾಡಿದೆವು. ನಾನು ಓದುವುದು, ಅವಳು ಪಟ್ಟಿಯ ಕಿಂಡಿಗಳಲ್ಲಿ ಸಣ್ಣ ಮೊಳೆಯಂಥದ್ದರಿಂದ ದಪ್ಪ ಕಾಗದಕ್ಕೆ ಚುಚ್ಚುವುದು, ಟಕ್ ಟಕ್ ಎಂದು. ಬಲದಿಂದ ಎಡಕ್ಕೆ ಚುಚ್ಚುತ್ತಾಳೆ. ಆಮೇಲೆ ಕಾಗದ ಬೋರಲು ಹಾಕಿದರೆ ಚುಕ್ಕಿಗಳು ಉಬ್ಬಿ ಎಡದಿಂದ ಬಲಕ್ಕೆ ಬೆರಳಿಗೆ ಸಿಗುತ್ತವೆ. ಕೌದಿ ಹೊಲಿಯುವವಳಾದ ನನಗೆ ಇದು ಬೇಗ ತಿಳಿಯಿತು. ಕೆಳಗಿನಿಂದ ಹಾಕಿದ ಹೊಲಿಗೆಯೇ ತಾನೆ ಮೇಲೆ ಕಾಣುವುದು. ಪುಸ್ತಕದ ಕನ್ನಡ ಮಾತ್ರ ಬಹಳ ಗಡುಸು. ಒಂದು ಶಬ್ದದಲ್ಲಿ ಎರಡು ಮೂರು ಒತ್ತಕ್ಷರ. "ಆ-ರ್-ದ್ರ-ತೆ" ಎಂದು ನಾನು ಏದುಸಿರು ಬಿಟ್ಟರೆ ಅವಳು "ಆರ್ದ್ರತೆ, ಅಂದ್ರ ಹಸಿರಿ, ಹಸಿ" ಎಂದು ಥಟ್ಟನೆ ಕೂಡಿಸಿಬಿಡುವಳು. ಅಕ್ಷರ ನಾನು ಕೊಡುವುದು, ಶಬ್ದ ಅವಳು ಮಾಡುವುದು. ಇಬ್ಬರೂ ಸೇರಿ ಒಂದು ಪುಟ ದಾಟಿದ್ದು ನನ್ನ ಗಮನಕ್ಕೇ ಬರಲಿಲ್ಲ, ನಾನಾಗಲೇ ಎರಡನೆಯದರ ನಡುವೆ ಇದ್ದೆ.

ಪುಸ್ತಕದಲ್ಲಿ ಕಪ್ಪು ಮಣ್ಣಿನ ಮಾತು ಬಂತು. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ತೊಯ್ದರೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ ಎಂದೆಲ್ಲ. ಇದನ್ನು ಹೇಳಲು ಇಷ್ಟು ದಪ್ಪ ಪುಸ್ತಕ ಬೇಕೇ? ನಮ್ಮ ಎರೆ ಹೊಲವನ್ನು ಕೇಳಿದ್ದರೆ ಸಾಕಿತ್ತು. ಅರ್ಥ ಹೇಳದೆ ಬರೀ ಓದಿ ಬಿಡುವುದು ನಮಗೆ ರೂಢಿ ಇಲ್ಲವಲ್ಲ. ನಡುನಡುವೆ ನನ್ನದೂ ಒಂದು ಮಾತು ಸೇರಿಸುತ್ತ ಹೋದೆ. ಟಕ್ ಟಕ್ ಸದ್ದು ಮಾತ್ರ ನಿಲ್ಲದೆ ನಡೆದಿತ್ತು.

ಸಂಜೆಯಾಗುತ್ತ ಪಾಠ ಮುಗಿಯಿತು. ಕಸ್ತೂರಿಯೂ ಬಂದು ನಿಂತಳು. ಬರೆದದ್ದು ಸರಿ ಇದೆಯೋ ನೋಡೋಣವೆಂದು ಶಬಾನಾ ಕಾಗದ ತಿರುಗಿಸಿ, ಬೆರಳಾಡಿಸುತ್ತ ಗಟ್ಟಿಯಾಗಿ ಓದಿದಳು. "ಕಪ್ಪು ಮಣ್ಣು ತೇವಾಂಶವನ್ನು ದೀರ್ಘಕಾಲ ಹಿಡಿದಿಟ್ಟುಕೊಳ್ಳುತ್ತದೆ, ಹೌದವಾ, ನನ್ನ ಮದವಿ ವರ್ಷದ ಹೊಸಾ ಚಪ್ಪಲಿನೂ ಹಿಡಕೊಂಡ ಕುಂತೈತಿ, ಇನ್ನೂ ಬಿಟ್ಟಿಲ್ಲ. ಒಣಗಿದಾಗ ಬಿರುಕು ಬಿಡುತ್ತದೆ, ನಮ್ಮ ಯಜಮಾನ್ರ ಬೀಗದ ಕಿಲಿ ಅದರಾಗಽ ಬಿದ್ದು ಹ್ವಾದೂವು, ಥೂ ಈ ಕನ್ನಡಕ ಜಾರತೈತಿ..."

ಕಸ್ತೂರಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ನನಗೆ ಬೆವರು ಬಂತು. "ಅಯ್ಯ ಯವ್ವಾ, ನಾ ಅಂದದ್ದೆಲ್ಲಾ ಬರದಿಯೇನ! ಅಳಸ ಅದನ್ನ."

"ಉಗರಿಲೆ ಒತ್ತಿದ್ರ ಅಳಸತೈತ್ರಿ" ಎಂದಳು ಶಬಾನಾ, "ಕನ್ನಡಕ ಒಂದ ಒತ್ತತೇನಿ. ಚಪ್ಪಲಿ ಒತ್ತೂದಿಲ್ಲ. ಪುಸ್ತಕದ್ದು ಮರತ್ರ, ಅದನ್ನ ಹಿಡಕೊಂಡ ಅಲ್ಲಿಗೆ ಹೋಗಬಹುದ್ರಿ."

ನಾಲ್ಕು ದಿನ ಬಿಟ್ಟು ಕಸ್ತೂರಿ ಅಂಗಡಿಯ ಫೋನಿಗೆ ಫೋನು ಮಾಡಿದಳು. ಪರೀಕ್ಷೆಯಲ್ಲಿ ಕಪ್ಪು ಮಣ್ಣಿನ ಪ್ರಶ್ನೆಯೇ ಬಂದಿತ್ತಂತೆ. ಶಬಾನಾ ಹೇಳುವುದು, ಒಬ್ಬರು ಕೂತು ಬರೆಯುವುದು ಅಲ್ಲಿಯ ಪದ್ಧತಿ. ಹೇಳುವ ಭರದಲ್ಲಿ ಚಪ್ಪಲಿಯ ಮಾತೂ ಬಾಯಿಂದ ಜಾರಿತಂತೆ, ಬರೆಯುವವರು ಅದನ್ನೂ ಬರೆದೇಬಿಟ್ಟರಂತೆ. ನನ್ನ ಚಪ್ಪಲಿ ಈಗ ಯಾವುದೋ ಊರಿನ ಮಾಸ್ತರರ ಮೇಜಿನ ಮೇಲೆ ಇದೆ. ಅವರು ಅದಕ್ಕೆ ಅಂಕ ಕೊಟ್ಟರೋ ಕಳೆದರೋ ಗೊತ್ತಿಲ್ಲ. ಕಳೆದಿದ್ದರೂ ನನಗೆ ಅವರ ಮೇಲೆ ಸಿಟ್ಟಿಲ್ಲ. ಬಹಳ ಓದಿದವರು ಪಾಪ, ಮಳೆಯಾದ ಮರುದಿನ ಎರೆ ಹೊಲದಲ್ಲಿ ನಡೆಯಲು ಅವರಿಗೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.