ಮನಶ್ಶಾಸ್ತ್ರದ ಮೇಷ್ಟ್ರೂ ಲಿಫ್ಟಣ್ಣನೂ

ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರಿಗೆ ಒಂದೇ ಒಂದು ಪಾಠದಿಂದ ಹೆಸರು ಬಂದಿತ್ತು. ಬೇರೆಯವರು ವಾರಗಟ್ಟಲೆ ಎಳೆದಾಡುತ್ತಿದ್ದ ‘ಪ್ರಮುಖ ಸಿದ್ಧಾಂತಗಳ ಹೋಲಿಕೆ’ ಎಂಬ ಅಧ್ಯಾಯವನ್ನು ಅವರು ಒಂದೇ ತರಗತಿಯಲ್ಲಿ ಮುಗಿಸುತ್ತಿದ್ದರು. ಕಪ್ಪು ಹಲಗೆಯ ಮೇಲೆ ಉದ್ದುದ್ದ ಗೆರೆ ಎಳೆದು ಐದು ಭಾಗ ಮಾಡಿ, ನಾಯಿ ಕಂಡರೆ ಕಿರುಚಿಕೊಳ್ಳುವ ಒಬ್ಬ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ ಎನ್ನುತ್ತಿದ್ದರು.

“ಮನೋವಿಶ್ಲೇಷಣೆಯವನು ಬಂದು, ಚಿಕ್ಕಂದಿನಲ್ಲಿ ಏನಾಯ್ತು ಹೇಳು ಅಂತಾನೆ. ಅವನ ಕಣ್ಣಿಗೆ ಅದು ನಾಯಿನೇ ಅಲ್ಲ, ಮರೆತುಹೋದ ಇನ್ಯಾವುದೋ ಭಯ ಹಾಕ್ಕೊಂಡಿರೋ ವೇಷ. ವರ್ತನಾವಾದಿಗೆ ಆ ಪುರಾಣವೆಲ್ಲ ಬೇಡ. ಭಯ ಕಲಿತಿದ್ದು, ಕಲಿತಿದ್ದನ್ನ ಮರೆಸಬಹುದು ಅಂತ ಒಂದೊಂದೇ ಹೆಜ್ಜೆ ನಾಯಿ ಹತ್ತಿರ ನಡೆಸ್ಕೊಂಡು ಹೋಗ್ತಾನೆ. ಸಂಜ್ಞಾನವಾದಿ ವಕೀಲನ ಹಾಗೆ. ನಾಯಿ ಕಂಡಾಗ ನಿನ್ನ ತಲೇಲಿ ಓಡೋ ಯೋಚನೆ ಯಾವುದು, ಅದಕ್ಕೆ ಸಾಕ್ಷಿ ಏನು ಅಂತ ಪಾಟೀಸವಾಲು ಹಾಕ್ತಾನೆ. ಮಾನವತಾವಾದಿ ಪಕ್ಕದಲ್ಲಿ ಕೂತು ಮನಸ್ಸಿಟ್ಟು ಕೇಳಿಸ್ಕೋತಾನೆ. ಕೊನೆಯವನು ಇವರನ್ನೆಲ್ಲ ಆಚೆ ಕಳಿಸಿ, ಮೆದುಳಿನ ರಸಾಯನ ಏರುಪೇರಾಗಿದೆ, ಮಾತ್ರೆ ತಗೋ ಅಂತಾನೆ.”

ತರಗತಿ ಘೊಳ್ಳೆಂದು ನಗುತ್ತಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಅವರ ವಿದ್ಯಾರ್ಥಿಗಳು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದರು. ಐವರಲ್ಲಿ ಮೇಷ್ಟ್ರು ಯಾರ ಪರ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವರು ಯಾರ ಪರವೂ ಆಗಿರಲಿಲ್ಲ. ಐದನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡುವುದರಲ್ಲೇ ಅವರಿಗೆ ಖುಷಿ.

ಹೀಗೆ ಮೇಷ್ಟ್ರಾಗುವಷ್ಟು ಅವರು ಓದಿದ್ದು ಅಣ್ಣನ ದೆಸೆಯಿಂದ. ಅಪ್ಪ ತೀರಿಕೊಂಡಾಗ ಅಣ್ಣ ಶಾಲೆ ಬಿಟ್ಟು, ದೊಡ್ಡ ಕಚೇರಿಯೊಂದರ ಲಿಫ್ಟು ನಡೆಸುವ ಕೆಲಸಕ್ಕೆ ಸೇರಿದ್ದ. ಮಡಚುವ ಕಬ್ಬಿಣದ ಜಾಲರಿಯ ಬಾಗಿಲು, ಹಿತ್ತಾಳೆಯ ಹಿಡಿ, ಮೂಲೆಯಲ್ಲೊಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತೇ ಅವನ ತಲೆ ನೆರೆತಿತ್ತು. “ಮೇಲಕ್ಕೆ ಹೋಗೋರು ಯಾರ್ಯಾರು ಬನ್ನಿ. ಹೆದರಬೇಡಿ, ವಾಪಸ್ ಕರ್ಕೊಂಡು ಬರೋ ಜವಾಬ್ದಾರಿ ನಂದು” ಎಂದು ದಿನವೂ ಅದೇ ತಮಾಷೆ ಮಾಡುತ್ತಿದ್ದ. ದಿನವೂ ಯಾರಾದರೊಬ್ಬರು ನಗುತ್ತಿದ್ದರು. ಕಟ್ಟಡಕ್ಕೆಲ್ಲ ಅವನು ಲಿಫ್ಟಣ್ಣ.

ಒಂದು ಬೆಳಿಗ್ಗೆ ಅತ್ತಿಗೆ ಕಾಲೇಜಿಗೇ ಫೋನು ಮಾಡಿದರು. “ನಿಮ್ಮಣ್ಣ ಲಿಫ್ಟಿನ ಒಳಗೆ ಹೋಗ್ತಿಲ್ವಂತೆ ಕಣಪ್ಪ. ಹೋಗಿ ನೋಡು.”

ಮೇಷ್ಟ್ರು ಹೋದಾಗ ಅಣ್ಣ ಸ್ಟೂಲನ್ನು ಹೊರಗಿಟ್ಟುಕೊಂಡು ಗೋಡೆಗೊರಗಿ ಕೂತಿದ್ದ. ತೆರೆದ ಲಿಫ್ಟು ಖಾಲಿ ನಿಂತಿತ್ತು. ಸುತ್ತ ಕಡತ ಹಿಡಿದ ಜನ ಗೊಣಗುತ್ತ ಮೆಟ್ಟಿಲ ಕಡೆ ನಡೆಯುತ್ತಿದ್ದರು.

“ಏನಾಯ್ತಣ್ಣ? ಮಧ್ಯ ಎಲ್ಲಾದ್ರೂ ನಿಂತುಬಿಡ್ತಾ?”

“ಏನೂ ಆಗಿಲ್ಲ ಕಣೋ. ಬೆಳಿಗ್ಗೆ ಬಂದೆ, ಬಾಗಿಲು ತೆಗೆದೆ. ಕಾಲು ಒಳಗೆ ಹೋಗಲ್ಲ ಅಂತು.”

“ಎದೆ ನೋವಾ? ತಲೆಸುತ್ತಾ?”

“ಒಳಗೆ ಹೋದ್ರೆ ಎಲ್ಲಾ ಬರುತ್ತೆ. ಇಲ್ಲಿ ಕೂತ್ರೆ ಏನೂ ಇಲ್ಲ.” ಅಣ್ಣ ನಗಲು ನೋಡಿದ. “ನೀನು ಓದಿರೋದು ಇದನ್ನೇ ಅಲ್ವೇನೋ?”

ಹೌದು, ಅದನ್ನೇ. ಮೇಷ್ಟ್ರ ಎದೆಯಲ್ಲಿ ಕಳವಳದ ಜತೆಗೇ ಸಣ್ಣದೊಂದು ಉತ್ಸಾಹವೂ ಎದ್ದಿತು. ಇಷ್ಟು ವರ್ಷ ಕೊಟ್ಟ ಅಣ್ಣನಿಗೆ ತಿರುಗಿ ಕೊಡಲು ತನ್ನ ಹತ್ತಿರ ಕೊನೆಗೂ ಏನೋ ಒಂದಿದೆ ಎನ್ನಿಸಿತು.

ಹೃದಯದ ಪರೀಕ್ಷೆಗಳೆಲ್ಲ ಆಗಿ, ಏನೂ ತೊಂದರೆಯಿಲ್ಲವೆಂದು ಗೊತ್ತಾದ ಮೇಲೆ ಮೇಷ್ಟ್ರು ತಾವೇ ಶುರು ಮಾಡಿದರು. ಕಚೇರಿಗೆ ರಜೆಯಿದ್ದ ದಿನಗಳಲ್ಲಿ ಅಣ್ಣನನ್ನು ಕರೆದೊಯ್ದು, ಮೊದಲು ದೂರದಿಂದ ಲಿಫ್ಟು ನೋಡಿಸಿದರು. ಆಮೇಲೆ ಜಾಲರಿ ಮುಟ್ಟಿಸಿದರು. ಆಮೇಲೆ ಬಾಗಿಲು ತೆರೆದಿಟ್ಟು ಒಳಗೆ ನಿಲ್ಲಿಸಿದರು. ತಮ್ಮ ಹೇಳಿದ್ದನ್ನೆಲ್ಲ ಅಣ್ಣ ಚಾಚೂ ತಪ್ಪದೆ ಮಾಡಿದ. ಒಂದು ಭಾನುವಾರ ಇಬ್ಬರೂ ಬಾಗಿಲು ಎಳೆದುಕೊಂಡು ಮೊದಲ ಮಹಡಿಗೆ ಹೋಗಿ ಬಂದರು. ಅಣ್ಣನ ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು, ಆದರೆ ಅವನು ನಗುತ್ತಿದ್ದ. ಮೇಷ್ಟ್ರು ಅವನನ್ನು ರಸ್ತೆಯಲ್ಲೇ ಅಪ್ಪಿಕೊಂಡರು.

ಮಾರನೆಯ ದಿನ ಅಣ್ಣನಿಗೆ ಕಚೇರಿಯ ಹೊಸ್ತಿಲನ್ನೂ ದಾಟಲಾಗಲಿಲ್ಲ. ಆ ವಾರವೇ ಮನೆಯಲ್ಲಿ ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟ. ಮುಂದಿನ ವಾರ ಬಾಗಿಲು ಮುಚ್ಚುವುದನ್ನೇ ಬಿಟ್ಟ. ಅವನು ಸ್ನಾನ ಮಾಡುವಾಗ ಅತ್ತಿಗೆ ಪಕ್ಕದ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕಾಯಿತು.

ಮೇಷ್ಟ್ರು ಹಿಮ್ಮೆಟ್ಟಲಿಲ್ಲ. ಬೇರು ಆಳದಲ್ಲಿರಬೇಕು ಎಂದುಕೊಂಡು ಬಾಲ್ಯವನ್ನು ಕೆದಕತೊಡಗಿದರು. ಸಂಜೆ ಸಂಜೆ ಜಗಲಿಯಲ್ಲಿ ಕೂತು ಕೇಳಿದ್ದೇ ಕೇಳಿದ್ದು. ಅಪ್ಪ ಹೊಡೀತಿದ್ರಾ? ಯಾರಾದ್ರೂ ಹೆದರಿಸಿದ್ರಾ? ಅಣ್ಣ ಯೋಚಿಸಿ ಯೋಚಿಸಿ ತಲೆ ಅಲ್ಲಾಡಿಸುತ್ತಿದ್ದ. ಒಂದು ಸಂಜೆ ಮೆಲ್ಲಗೆ, “ಒಂದ್ಸಲ ಅಪ್ಪ ಸಿಟ್ಟಲ್ಲಿ ನನ್ನ ಬೀರುವಿನೊಳಗೆ ಕೂಡಿಹಾಕಿದ್ರು” ಎಂದ. ಮೇಷ್ಟ್ರು ಮುಂದಕ್ಕೆ ಬಾಗಿದರು. ಎಷ್ಟು ಹೊತ್ತು, ಕತ್ತಲಿತ್ತಾ, ಉಸಿರು ಕಟ್ಟಿತಾ ಎಂದು ಒಂದೊಂದನ್ನೂ ಕೇಳಿದರು. ಅಣ್ಣ ಎಲ್ಲದಕ್ಕೂ ಹೂಂ ಎಂದ. ಅಂದು ಮೇಷ್ಟ್ರು ಹಗುರಾಗಿ ಮನೆಗೆ ಹೋದರು.

ಎರಡು ದಿನ ಬಿಟ್ಟು ಅತ್ತಿಗೆ ಕೇಳಿದರು. “ಅಲ್ಲಪ್ಪ, ನಿಮ್ಮನೇಲಿ ಬೀರು ಎಲ್ಲಿತ್ತು? ಬಟ್ಟೆಯೆಲ್ಲ ಹಗ್ಗದ ಮೇಲೆ ಇರ್ತಿತ್ತು ಅಂತ ನೀನೇ ಹೇಳ್ತಿದ್ದೆಯಲ್ಲ.”

ಮೇಷ್ಟ್ರು ಅಣ್ಣನ ಮುಖ ನೋಡಿದರು. ಅವನು ತಲೆ ತಗ್ಗಿಸಿದ.

“ಯಾಕಣ್ಣ ಹಾಗೆ ಹೇಳ್ದೆ?”

“ನೀನು ಅಷ್ಟು ಕೇಳ್ತಿದ್ದೆ. ಏನೋ ಒಂದು ಬೇಕಾಗಿದೆ ನಿನಗೆ ಅನ್ನಿಸ್ತು. ನನ್ನ ಹತ್ರ ಇರ್ಲಿಲ್ಲ. ಬರಿಗೈಲಿ ಕಳಿಸೋಕೆ ಮನಸ್ಸು ಬರ್ಲಿಲ್ಲ ಕಣೋ” ಎಂದ.

ಮೇಷ್ಟ್ರಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳುವೂ ಬಂತು. ಎರಡನ್ನೂ ತೋರಿಸದೆ ಎದ್ದು ಹೋದರು.

ವಾದಕ್ಕೂ ಇಳಿದು ನೋಡಿದರು. ಒಳಗೆ ಹೋದರೆ ಏನಾಗುತ್ತೆ ಅಂದುಕೊಂಡಿದ್ದೀಯ ಎಂದು ಕೇಳಿದರೆ ಅಣ್ಣ, “ಏನೂ ಆಗಲ್ಲ ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಜೀವಮಾನವೆಲ್ಲ ಅದರೊಳಗೇ ಇದ್ದೋನು ನಾನು” ಎಂದ. ಆ ವಾದ ಅಲ್ಲಿಗೇ ನಿಂತಿತು. ಕೊನೆಗೆ ಏನೂ ಕೇಳದೆ, ಏನೂ ತಿದ್ದದೆ, ಸುಮ್ಮನೆ ಕೇಳಿಸಿಕೊಳ್ಳೋಣವೆಂದು ಕೂತರು.

“ನನಗೆ ಸಾಕಾಗಿದೆ ಕಣೋ” ಎಂದ ಅಣ್ಣ.

“ನಿನಗೆ ತುಂಬ ಸುಸ್ತಾಗಿದೆ ಅನ್ಸುತ್ತೆ.”

“ಅದನ್ನೇ ನಾನು ಹೇಳಿದ್ದು.”

“ನಾನು ಸರಿಯಾಗಿ ಕೇಳಿಸ್ಕೊಳ್ತಿಲ್ಲ ಅಂತ ನಿನಗೆ ಅನ್ನಿಸ್ತಿದೆ.”

“ನಿನಗೇನಾಗಿದೆಯೋ ಇವತ್ತು? ಬಾವಿಯೊಳಗೆ ಕೂಗಿದಂಗೆ ಆಗ್ತಿದೆ ನನಗೆ” ಎಂದು ಅಣ್ಣ ನಿಜಕ್ಕೂ ಗಾಬರಿಯಾದ. ಒಳಗೆ ಬಟ್ಟೆ ಹೊಲಿಯುತ್ತಿದ್ದ ಅತ್ತಿಗೆ ಮಿಶಿನ್ನು ನಿಲ್ಲಿಸಿ ನಕ್ಕರು. ಮೂವರೂ ನಕ್ಕರು. ಆ ತಿಂಗಳಲ್ಲಿ ಆ ಮನೆಯಲ್ಲಿ ನಗು ಕೇಳಿಸಿದ್ದು ಅದೊಂದೇ ಸಲ.

ಬೇರೆ ದಾರಿ ಕಾಣದೆ ಮನೋವೈದ್ಯೆಯೊಬ್ಬರಲ್ಲಿ ತೋರಿಸಿದರು. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಮೇಷ್ಟ್ರ ಕಡೆ ತಿರುಗಿ, “ನೀವು ಇಷ್ಟೆಲ್ಲ ಮಾಡಬಾರದಿತ್ತು ಸರ್. ವಿಷಯ ಗೊತ್ತಿಲ್ಲ ಅಂತಲ್ಲ. ನೀವು ತಮ್ಮ” ಎಂದರು. ಮಾತ್ರೆ ಬರೆದುಕೊಟ್ಟರು, ಆಪ್ತಸಲಹೆಗೂ ಕಳಿಸಿದರು. ಅಣ್ಣನಿಗೆ ನಿದ್ದೆ ಹತ್ತಿತು, ಬೆವರು ಕಡಿಮೆಯಾಯಿತು, ಹಗಲಲ್ಲಿ ಬಚ್ಚಲ ಬಾಗಿಲನ್ನು ಅರ್ಧ ಮುಂದೆ ಮಾಡುವಷ್ಟಾದ. ಅದಕ್ಕಿಂತ ಮುಂದೆ ಹೋಗಲಿಲ್ಲ. ವೈದ್ಯೆಯೂ ಸುಳ್ಳು ಭರವಸೆ ಕೊಡಲಿಲ್ಲ. “ಕೆಲವರಿಗೆ ಪೂರ್ತಿ ಹೋಗುತ್ತೆ, ಕೆಲವರಿಗೆ ಇಷ್ಟೇ” ಎಂದರು. ಕಚೇರಿಯವರು ಗುಂಡಿ ಒತ್ತಿದರೆ ತಾನೇ ಓಡುವ ಹೊಸ ಲಿಫ್ಟು ಹಾಕಿಸಿ, ಅಣ್ಣನನ್ನು ಅವಧಿಗೆ ಮುಂಚೆ ಮನೆಗೆ ಕಳಿಸಿದರು.

ಆ ವರ್ಷವೂ ಹೋಲಿಕೆಯ ಪಾಠ ಬಂತು. ಮೇಷ್ಟ್ರು ಗೆರೆ ಎಳೆದರು, ಐವರನ್ನೂ ನಿಲ್ಲಿಸಿದರು. ತರಗತಿ ಎಂದಿನಂತೆ ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. “ಪರೀಕ್ಷೆಗೆ ಅಲ್ಲ ಸರ್, ಸುಮ್ನೆ ಕೇಳ್ತಿದೀನಿ. ನಾಯಿಗೆ ಹೆದರೋ ಆ ಹುಡುಗಿಗೆ ವಾಸಿಯಾಯ್ತಾ?”

ಮೇಷ್ಟ್ರು ಹಲಗೆಯ ಕಡೆ ತಿರುಗಿದರು. ಒಂದೊಂದು ಅಂಕಣದಲ್ಲೂ ಅಷ್ಟಷ್ಟು ನಿಜವಿತ್ತು. ಐದನ್ನೂ ಕೂಡಿಸಿದರೂ ಒಬ್ಬ ಅಣ್ಣ ಆಗುತ್ತಿರಲಿಲ್ಲ. “ಗೊತ್ತಿಲ್ಲಮ್ಮ” ಎಂದರು. “ನಾನು ಅದನ್ನ ಯಾವತ್ತೂ ಯೋಚನೆ ಮಾಡಿರ್ಲಿಲ್ಲ.” ಗಂಟೆ ಹೊಡೆಯುವ ಮೊದಲೇ ತರಗತಿ ಬಿಟ್ಟರು.

ಮಳೆ ನಿಂತ ಮೇಲೆ ಅತ್ತಿಗೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಯಿತು. ಆಸ್ಪತ್ರೆಯ ಮೇಲಿನ ಮಹಡಿಯ ವಾರ್ಡು. ಅಣ್ಣ ಮೆಟ್ಟಿಲು ಹತ್ತಿ ಹತ್ತಿ ಏದುಸಿರು ಬಿಡುತ್ತ ಬಂದ. ವಾರ್ಡಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂಥದು. ಮೇಷ್ಟ್ರು ಅದಕ್ಕೆ ಬೆನ್ನು ಕೊಟ್ಟು ನಿಂತರು. ಅಣ್ಣ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಹೋಗಿ ಹೆಂಡತಿಯ ಕೈ ಹಿಡಿದು ಕೂತ. “ಊಟ ಮಾಡಿದ್ರಾ?” ಎಂದು ಅತ್ತಿಗೆ ಕೇಳಿದ್ದು ಬಾಗಿಲವರೆಗೂ ಕೇಳಿಸಿತು.

ನರ್ಸು ಬಂದಳು. “ಬಾಗಿಲು ಬಿಡಿ ಸರ್.”

“ಒಂದು ಐದು ನಿಮಿಷ ಅಮ್ಮ. ನಮ್ಮಣ್ಣನಿಗೆ ಬಾಗಿಲು ಮುಚ್ಚಿದ್ರೆ ಆಗಲ್ಲ.”

“ಆಪರೇಷನ್ ಆದೋರೆಲ್ಲ ಇದ್ದಾರೆ ಸರ್, ಧೂಳು ಬರುತ್ತೆ. ಅವರಿಗೂ ಆಗಬೇಕಲ್ವಾ?”

ಅವಳು ಹೇಳಿದ್ದೂ ಸರಿಯಾಗಿಯೇ ಇತ್ತು. ಆದರೂ ಮೇಷ್ಟ್ರು ಬಾಗಿಲು ಬಿಟ್ಟು ಸರಿಯಲಿಲ್ಲ. ಅಷ್ಟರಲ್ಲಿ ಅಣ್ಣ ತಾನೇ ಎದ್ದು ಹೊರಗೆ ಬಂದ. “ಬಿಡೋ, ಯಾಕೆ ಅವರಿಗೆ ತೊಂದರೆ” ಎಂದು ತಮ್ಮನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಬಾಗಿಲು ನಿಧಾನವಾಗಿ ಮುಚ್ಚಿಕೊಂಡಿತು. ಬಾಗಿಲಲ್ಲಿ ಅಂಗೈಯಗಲದ ಗಾಜಿತ್ತು. ಅಣ್ಣ ಅದಕ್ಕೆ ಮುಖ ಹಚ್ಚಿ ನಿಂತ. ಒಳಗೆ ಅತ್ತಿಗೆ ದಿಂಬಿನಿಂದ ತಲೆ ಎತ್ತಲಾಗದೆ ಬೆರಳಷ್ಟೇ ಅಲ್ಲಾಡಿಸಿದರು. ಅಣ್ಣನೂ ಬೆರಳು ಅಲ್ಲಾಡಿಸಿದ.

ಆ ಗಾಜಿನಲ್ಲಿ ಇಬ್ಬರು ನೋಡಲು ಜಾಗವಿರಲಿಲ್ಲ. ಮೇಷ್ಟ್ರು ಅಣ್ಣನ ಹಿಂದೆ, ಅವನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಭೇಟಿಯ ಹೊತ್ತು ಮುಗಿಯುವವರೆಗೂ ನಿಂತಿದ್ದರು.