ಬಲಗಡೆಯ ತಗ್ಗು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಸೀಟಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರನ್ನು ಯಾರಾದರೂ ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಗ್ಯಾರೇಜುಗಳ ಸಾಲಿನ ಕೊನೆಗೆ ಉದ್ದನೆಯ ಒಂದೇ ಕೋಣೆ, ಎತ್ತರದಲ್ಲೊಂದು ಕಿಟಕಿ, ಗೋಡೆಗೆ ಒರಗಿಸಿಟ್ಟ ಕಾರಿನ ಸೀಟುಗಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದಿಳಿದು ನೆಲದ ಮೇಲೆ ಹರಿದಾಡುವ ಹೊತ್ತಿಗೆ ಸೀಟಕ್ಕನಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಮಂಪರು. ಆಗ ಖಾಲಿ ಸೀಟುಗಳಲ್ಲಿ ಅವುಗಳ ಯಜಮಾನರೆಲ್ಲ ಬಂದು ಸದ್ದಿಲ್ಲದೆ ಕೂತಿರುತ್ತಿದ್ದರು. ಸವೆದ ಅಂಚು ನೋಡಿದರೆ ಸಾಕು, ಇವರು ಕಾಲು ಅಲ್ಲಾಡಿಸುವ ಪೈಕಿ, ಈ ಮಹಾರಾಯನಿಗೆ ಹೊಟ್ಟೆ ಬಂದು ಮೂರು ವರ್ಷವಾಯಿತು ಎಂದು ಅವಳಿಗೆ ತಿಳಿಯುತ್ತಿತ್ತು. ಅವಳ ಓದು ತಪ್ಪಿದ್ದಿಲ್ಲ. ಹಾಗಂತ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ.

ಸೀಟು ರಿಪೇರಿಯ ಕೆಲಸ ಕಲಿಸಿದ್ದು ಅವಳ ಮಾವ. ಮದುವೆಯಾಗಿ ಬಂದ ಹೊಸದರಲ್ಲಿ, ನೆಂದ ಚರ್ಮವೊಂದನ್ನು ಬೇಗ ಒಣಗಿಸಿ ಮೆಚ್ಚುಗೆ ಗಿಟ್ಟಿಸೋಣವೆಂದು ಅವಳು ಬಿಸಿಗಾಳಿಯ ಯಂತ್ರ ಹಿಡಿದಳು. ಚರ್ಮ ಮುರುಟಿಕೊಂಡು ಮರದ ತೊಗಟೆಯಂತೆ ಬಿರುಕುಬಿಟ್ಟಿತು. ಮಾವ ಆ ತುಂಡನ್ನು ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿದರು. ಬೈದಿದ್ದರೆ ಸಂಜೆಯೊಳಗೆ ಮರೆತುಬಿಡುತ್ತಿದ್ದಳು. ಮೂವತ್ತು ವರ್ಷದಿಂದ ಬರುವಾಗ ಹೋಗುವಾಗ ಅದೇ ಕಣ್ಣಿಗೆ ಬೀಳುತ್ತದೆ. ಮುದುಕ ಕಿಲಾಡಿ. ಅವರ ಬಾಯಲ್ಲಿದ್ದದ್ದು ಒಂದೇ ಮಾತು: "ಹದ ಬರ್ಲಿ ಕಣಮ್ಮ." ಅವರು ಹೋದ ಮೇಲೆ ಆ ಮಾತು ಸೀಟಕ್ಕನ ಬಾಯಿಗೆ ಬಂತು.

ಒಂದು ಬೆಳಿಗ್ಗೆ ಲೆಕ್ಕದ ಮೇಷ್ಟ್ರೊಬ್ಬರು ಬಾಗಿಲಲ್ಲಿ ಬಂದು ನಿಂತರು. ನಲವತ್ತರ ಆಸುಪಾಸು, ಕಡ್ಡಿಯಂಥ ಆಳು, ಮುಖದಲ್ಲಿ ರಕ್ತವಿಲ್ಲ. ಹೊರಗೆ ಮೆಕ್ಯಾನಿಕ್ ಒಂದು ಹಳೆಯ ಕಾರನ್ನು ತಂದು ನಿಲ್ಲಿಸಿದ್ದ. ಅವನು ಡ್ರೈವರ್ ಸೀಟಿನ ತುದಿಯಲ್ಲಿ, ಬಿದ್ದೇಹೋಗುವವನಂತೆ ಕೂತಿದ್ದ.

"ಅದ್ಯಾಕಪ್ಪ ಹಾಗೆ ಕೂತಿದ್ದೀಯ?" ಎಂದಳು ಸೀಟಕ್ಕ.

"ಎರಡು ವರ್ಷದಿಂದ ಹೀಗೇ ಅಕ್ಕ. ಸರಿಯಾಗಿ ಕೂತ್ರೆ ಇವರ ಅಮ್ಮ ನನ್ನ ಸುಮ್ನೆ ಬಿಡಲ್ಲ."

ಮೇಷ್ಟ್ರು ಹೇಳಿದರು. ಕಾರು ಅವರ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಆ ಸೀಟಿನಲ್ಲಿ ಯಾರೂ ಕೂರಬಾರದೆಂದು ಅಮ್ಮನ ಕಟ್ಟಪ್ಪಣೆ. ಅಪ್ಪ ಕೂತ ತಗ್ಗು ಅದರಲ್ಲಿ ಹಾಗೇ ಇತ್ತು. ದಿನಾ ಸಂಜೆ ಅಮ್ಮ ನಿಂತ ಕಾರಿನೊಳಗೆ ಪಕ್ಕದ ಸೀಟಿನಲ್ಲಿ ಕೂತು, ಆ ತಗ್ಗಿನ ಮೇಲೆ ಕೈಯಿಟ್ಟು, ಗಾಜಿನಾಚೆ ನೋಡುತ್ತ ಒಂದು ಗಂಟೆ ಕಳೆಯುತ್ತಿದ್ದರು. ಈಗ ಮಂಡಿ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದಾರೆ. ಅಲ್ಲಿಂದಲೇ ಫೋನು ಮಾಡಿ, ಕಾರಿಗೆ ಸ್ವಲ್ಪ ಗಾಳಿಯಾಡಿಸು ಎಂದಿದ್ದರು. ಮಗ ಕಿಟಕಿ ಇಳಿಸಿ, ಮನೆಯೊಳಗೆ ಉತ್ತರ ಪತ್ರಿಕೆ ತಿದ್ದುತ್ತ ಕೂತ. ಎರಡು ದಿನ ಬಿಡದೆ ಮಳೆ ಹೊಡೆಯಿತು. ಕಿಟಕಿಯ ನೆನಪಾದದ್ದು ಮೂರನೆಯ ದಿನ.

"ಅಮ್ಮ ಬರೋಕೆ ಎರಡು ವಾರ ಇದೆ. ಗೊತ್ತಾಗದ ಹಾಗೆ ಮಾಡ್ಕೊಡಿ. ಆ ಜಾಗ ಒಂದು ಹೋದ್ರೆ ಅವರು ಇನ್ನೊಂದ್ಸಲ ಅಪ್ಪನ್ನ ಕಳ್ಕೊಂಡ ಹಾಗೆ," ಎಂದರು ಮೇಷ್ಟ್ರು.

ಸೀಟಕ್ಕ ಸೀಟನ್ನು ಬಿಚ್ಚಿದಳು. ಒಳಗಿನ ಫೋಮ್ ಮೊದಲೇ ಹಳತು, ಅದಕ್ಕೆ ಮಳೆಯ ನೀರೂ ಸೇರಿ, ಹಿಂಡಿದರೆ ಪುಡಿಯಾಗುತ್ತಿತ್ತು. ಚರ್ಮದ ಮೇಲೆ ನೀರು ನಿಂತ ಕಂದು ಗೆರೆ, ಹೊಲಿಗೆಯಲ್ಲಿ ಬೂಷ್ಟು. ತಗ್ಗಿನ ಆಕಾರವನ್ನು ಅವಳು ಎರಡು ಅಂಗೈಯಿಂದ ತಡವಿ, ಕಣ್ಣು ಮುಚ್ಚಿ ಓದಿದಳು. ಭಾರವಾದ ಮನುಷ್ಯ, ಬೆನ್ನು ನೆಟ್ಟಗೆ, ಅವಸರವಿಲ್ಲದವರು. ಬಲಗಡೆ ಒಂದಿಷ್ಟು ಹೆಚ್ಚು ಕುಸಿದಿತ್ತು. ನೀರು ಅಲ್ಲೇ ಮಡುಗಟ್ಟಿರಬೇಕು, ಪಾಪ ಎಂದುಕೊಂಡು ಮನಸ್ಸಿನಲ್ಲೇ ಅದನ್ನು ಸಮ ಮಾಡಿದಳು.

ಮೊದಲು ಬೂಷ್ಟು ತೆಗೆದಳು. ಆಮೇಲೆ ಅವಳು ಮಾಡಿದ್ದು ನೋಡಿ ಮೇಷ್ಟ್ರಿಗೆ ಜೀವ ಬಾಯಿಗೆ ಬಂತು. ಒದ್ದೆ ಬಟ್ಟೆ ಹಿಡಿದು, ನೆನೆದಿರದ ಜಾಗವನ್ನೂ ಸೇರಿಸಿ ಇಡೀ ಚರ್ಮವನ್ನು ಒರೆಸಿಬಿಟ್ಟಳು.

"ಅಯ್ಯೋ, ಮತ್ತೆ ನೀರಾ?"

"ಅರ್ಧ ಒದ್ದೆ ಅರ್ಧ ಒಣಗಿದ್ರೆ ನಡುವೆ ಗೆರೆ ಉಳಿಯುತ್ತೆ ಸಾರ್. ಪೂರ್ತಿ ಒಂದೇ ಸಮ ನೆಂದು, ಒಂದೇ ಸಮ ಒಣಗ್ಬೇಕು."

ನೆರಳಲ್ಲಿ, ದೂರದ ಫ್ಯಾನಿನ ಗಾಳಿಗೆ, ಚರ್ಮ ದಿನಗಟ್ಟಲೆ ಆರಿತು. ಅವಳು ಹೊಸ ಫೋಮನ್ನು ಕೊರೆದು ತಗ್ಗು ಮಾಡಿದಳು. ಚರ್ಮ ಇನ್ನೂ ತುಸು ಹಸಿಯಾಗಿರುವಾಗಲೇ ಅದರ ಮೇಲೆ ಹೊದಿಸಿದಳು.

"ಈಗ ಕೂತ್ಕೊಳ್ಳಿ."

"ನಾನಾ?" ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು.

"ಹಸಿ ಚರ್ಮ ಯಾವುದರ ಮೇಲೆ ಒಣಗುತ್ತೋ ಅದೇ ಆಕಾರ ಹಿಡಿಯುತ್ತೆ. ಮೈ ಬೇಕು. ನಿಮ್ಮಪ್ಪ ಹೇಗೆ ಕೂರ್ತಿದ್ರು ಅಂತ ನಿಮಗಲ್ದೆ ನಂಗೇನು ಗೊತ್ತು?"

ಕಡ್ಡಿಯಂಥ ಮೇಷ್ಟ್ರು ತಂದೆಯ ತೂಕಕ್ಕೆ ಸಾಲುವುದುಂಟೇ? ತೊಡೆಯ ಮೇಲೆ ಮಕ್ಕಳ ನೋಟುಪುಸ್ತಕಗಳ ಎರಡು ಕಟ್ಟು ಹೇರಿದ್ದಾಯಿತು. ಕಿಸೆಯಲ್ಲಿದ್ದ ಪರ್ಸು, ಬೀಗದಕೈ ಎಲ್ಲ ತೆಗೆಸಿದಳು, ಗುರುತು ಮೂಡಬಾರದೆಂದು. ದಿನಾ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಮೇಷ್ಟ್ರು ಅಲ್ಲಿ ಕೂತರು. ಮೊದಮೊದಲು ಮುಳ್ಳಿನ ಮೇಲೆ ಕೂತಂತಿದ್ದರು. ನಾಲ್ಕನೆಯ ದಿನಕ್ಕೆ ಬೆನ್ನು ಒರಗಿತು. ಇಲ್ಲದ ಸ್ಟಿಯರಿಂಗಿನ ಮೇಲೆ ಕೈಗಳು ತಾವಾಗಿ ಎದ್ದು ನಿಂತವು. ಕಿಟಕಿಯ ಬೆಳಕು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿದ್ದರೆ ಕೋಣೆಯೇ ಎಲ್ಲಿಗೋ ಹೊರಟಂತಿರುತ್ತಿತ್ತು.

"ಅಪ್ಪ ಒಂದು ದಿನಾನೂ ನನ್ನ ಕೈಗೆ ಕಾರು ಕೊಡ್ಲಿಲ್ಲ ಅಕ್ಕ," ಎಂದರು ಒಮ್ಮೆ, ಕಣ್ಣು ಮುಚ್ಚಿಕೊಂಡೇ. "ಲೈಸೆನ್ಸ್ ತಗೊಂಡು ಹದಿನೈದು ವರ್ಷ ಆಯ್ತು. ನಾನು ಯಾವಾಗ್ಲೂ ಹಿಂದಿನ ಸೀಟು."

ಸೀಟಕ್ಕ ಬೆರಳಿಗೆ ಕ್ರೀಮು ಹಚ್ಚಿಕೊಂಡು ಸೀಟಿನ ಅಂಚನ್ನು ತಿಕ್ಕುತ್ತಿದ್ದಳು. ಅವಳಿಗೆ ಈ ಬಡಪಾಯಿಯ ಮೇಲೆ ತುಂಬ ಅಕ್ಕರೆ ಹುಟ್ಟಿತ್ತು.

ಅಮ್ಮ ಮನೆಗೆ ಬಂದ ಸಂಜೆ ಸೀಟಕ್ಕನೂ ಅಲ್ಲಿದ್ದಳು. ಬೆಳಿಗ್ಗೆಯೇ ಸೀಟು ಕೂರಿಸಿ, ಯಾವುದೋ ಬೋಲ್ಟಿನ ನೆಪ ಹೇಳಿಕೊಂಡು ಗೇಟಿನ ಬಳಿ ಸುಳಿದಾಡುತ್ತಿದ್ದಳು. ನಿಜವಾಗಿ ಅವಳಿಗೆ ತನ್ನ ಕೈಚಳಕ ಗೆಲ್ಲುವುದನ್ನು ಕಣ್ಣಾರೆ ನೋಡಬೇಕಿತ್ತು.

ಅಮ್ಮ ಊರುಗೋಲು ಬಾಗಿಲಿಗೆ ಒರಗಿಸಿ, ಪಕ್ಕದ ಸೀಟಿನಲ್ಲಿ ಕೂತರು. ಕೈ ಚಾಚಿ ತಗ್ಗಿನ ಮೇಲಿಟ್ಟರು. ಕೈ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಅಲ್ಲೇ ನಿಂತಿತು.

"ಇದು ಅವರು ಕೂತ ಜಾಗ ಅಲ್ಲ."

ಮೇಷ್ಟ್ರು ಕಿಟಕಿ, ಮಳೆ, ಎಲ್ಲವನ್ನೂ ತಲೆತಗ್ಗಿಸಿ ಒದರಿಬಿಟ್ಟರು. ಅಮ್ಮನ ಕೈ ಅಲ್ಲಿಂದ ಕದಲಲಿಲ್ಲ.

"ಬಲಗಡೆ ಇಲ್ಲಿ ಇನ್ನೊಂಚೂರು ಇಳಿದಿತ್ತು. ಹಿಂದಿನ ಜೇಬಲ್ಲಿ ಪರ್ಸು ಇಟ್ಕೊಂಡೇ ಕೂರೋರು. ಸೊಂಟ ಹಿಡಿಯುತ್ತೆ, ತೆಗೆದಿಡಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗ್ತು. ಕೇಳಿದ್ರೆ ತಾನೆ."

ಸೀಟಕ್ಕನ ಮೂವತ್ತು ವರ್ಷದ ಓದು ಇಲ್ಲಿ ತಪ್ಪಿತ್ತು! ಆ ಮನುಷ್ಯ ತನ್ನ ಹಟವನ್ನು ಚರ್ಮದ ಮೇಲೆ ಬರೆದಿಟ್ಟು ಹೋಗಿದ್ದರು. ಅದನ್ನು ಅವಳು ನೀರಿನ ತಪ್ಪೆಂದು ತಿದ್ದಿ ಹಾಕಿದ್ದಳು.

"ತಪ್ಪು ನಂದೇ ಅಮ್ಮ," ಎಂದು ಮುಂದೆ ಬಂದಳು. "ನೀರಿಗೆ ಕುಸಿದಿದೆ ಅನ್ಕೊಂಡು ನಾನೇ ಸಮ ಮಾಡ್ಬಿಟ್ಟೆ. ನಾಳೆನೇ ಬಿಚ್ಚಿ ಆ ತಗ್ಗು ತಂದ್ಕೊಡ್ತೀನಿ."

ಅಮ್ಮ ಅವಳನ್ನು ನೋಡಲಿಲ್ಲ. ಕಣ್ಣು ತುಂಬಿತ್ತು. "ಹಾಗಾದ್ರೆ ಇದು ಯಾರು ಕೂತಿದ್ದು?"

"ನಾನಮ್ಮ," ಎಂದರು ಮೇಷ್ಟ್ರು.

"ಪರ್ಸು ತೆಗೆದಿಟ್ಟು ಕೂತ್ಯಾ?"

"ಹೂಂ."

ಅಮ್ಮ ಅಂಗೈಯಿಂದ ಆ ತಗ್ಗನ್ನು ಇನ್ನೊಮ್ಮೆ ಸವರಿದರು, ಈ ಸಲ ನಿಧಾನವಾಗಿ, ಹೊಸಬರನ್ನು ಪರಿಚಯ ಮಾಡಿಕೊಳ್ಳುವಂತೆ. "ಒಳ್ಳೇದಾಯ್ತು," ಎಂದರು. "ನಿನ್ನ ಸೊಂಟನಾದ್ರೂ ಉಳಿಯುತ್ತೆ."

ಸೀಟಕ್ಕ ಸೀಟು ಬಿಚ್ಚುವ ಮಾತನ್ನು ಮತ್ತೆ ಎತ್ತಹೋದಳು. ಅಮ್ಮ ಬೇಡವೆಂದು ಕೈಯಾಡಿಸಿ, ಊರುಗೋಲನ್ನು ಒಳಗೆಳೆದುಕೊಂಡು ತಮ್ಮ ಕಡೆಯ ಬಾಗಿಲು ಮುಚ್ಚಿದರು.

"ಏನು ನೋಡ್ತಾ ನಿಂತಿದ್ದೀಯೋ? ಕೂತ್ಕೋ. ಎರಡು ವರ್ಷ ಆಯ್ತು ನಾನು ಹೊರಗೆ ಸುತ್ತಾಡಿ."