ಒಂದು ಕವಳದ ಹೊತ್ತು

ನಿಟ್ಟೂರಿನ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ನಾನು ಎರಡು ವರ್ಷ ಕೆಲಸಕ್ಕಿದ್ದೆ. ಬಂದವರಿಗೆ ಬಿಸಿನೀರು ಕೊಡುವುದು, ಜಲಪಾತದ ದಾರಿ ತೋರಿಸುವುದು, ಸಂಜೆ ಕಾಫಿಯ ಜೊತೆಗೆ ಒಂದಿಷ್ಟು ಮಿಮಿಕ್ರಿ. ಊರು ಹೆಗ್ಗೋಡಿನ ಕಡೆ ಎಂದ ಕೂಡಲೇ ‘ಓ, ನಾಟಕ ಕಲಿತವರು’ ಎನ್ನುತ್ತಿದ್ದರು. ನಾನು ಅಲ್ಲಿ ಕಲಿತದ್ದು ನಾಟಕ ನೋಡಲು ಬಂದವರ ಬೈಕುಗಳನ್ನು ಸಾಲಾಗಿ ನಿಲ್ಲಿಸುವುದನ್ನು. ಆದರೂ ಅಲ್ಲ ಎನ್ನಲು ಹೋಗಲಿಲ್ಲ. ಅಡುಗೆಯ ಅಕ್ಕ ಫೋನಿನಲ್ಲಿ ಕಿರುಚುವುದು, ಬಾತುಕೋಳಿಯಂಥ ನನ್ನದೇ ನಡಿಗೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಮಾತ್ರ ಮೇಸ್ತ್ರಿಯದ್ದು.

ಮೇಸ್ತ್ರಿ ಕೋಣಂದೂರಿನವರು. ಟಿಲ್ಲರ್, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದವರನ್ನು ನಮ್ಮ ಯಜಮಾನರು ಹುಲ್ಲಿನ ಗಾಡಿಗಾಗಿ ಕರೆಸಿಕೊಂಡಿದ್ದರು. ಮನೆಯೆದುರಿನ ವಿಶಾಲವಾದ ಹುಲ್ಲುಹಾಸನ್ನು ಕತ್ತರಿಸಲು ತಂದ ಪೆಟ್ರೋಲ್ ಗಾಡಿ ಅದು; ಮೇಲೆ ಕೂತು ಓಡಿಸಬೇಕು, ನೋಡಲು ಟ್ರ್ಯಾಕ್ಟರಿನ ಮರಿಯ ಹಾಗೆ.

ಅರ್ಧದಲ್ಲಿ ಪೆಟ್ರೋಲ್ ಮುಗಿದರೆ ಮೇಸ್ತ್ರಿ ಗಾಡಿಯಿಂದ ಇಳಿದು, ಕಟ್ಟೆಯ ಮೇಲೆ ಕೂತು ಕವಳ ಹಾಕುತ್ತಿದ್ದರು. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಸೇರಿಸಿ ಬಾಯಿಗಿಟ್ಟರೆ, ಅದು ಅಗಿದು ಮುಗಿಯುವವರೆಗೆ ಕ್ಯಾನಿನ ಹತ್ತಿರ ಸುಳಿಯುತ್ತಿರಲಿಲ್ಲ. ಆಮೇಲೆ ಎದ್ದು, ಮಗುವಿಗೆ ಜ್ವರವಿದೆಯೇ ಎಂದು ನೋಡುವವರಂತೆ ಬಾನೆಟ್ಟಿನ ಹತ್ತಿರ ಕೈ ಹಿಡಿಯುವರು. ತಣಿದಿದ್ದರೆ ಮಾತ್ರ ಲಾಳಿಕೆ ಇಟ್ಟು ಸುರಿಯುವರು, ಅದೂ ಕಂಠಮಟ್ಟ ಅಲ್ಲ.

ಮಳೆಗಾಲದಲ್ಲಿ ಗಾಡಿಯನ್ನು ಎಲ್ಲಿಡಬೇಕು ಎಂಬುದಕ್ಕೂ ಒಮ್ಮೆ ಜಗಳವಾಗಿತ್ತು. ನಮ್ಮ ಕಡೆ ಒಣಗಬೇಕಾದ್ದೆಲ್ಲ ಬಚ್ಚಲ ಒಲೆಯ ಪಕ್ಕಕ್ಕೆ ಹೋಗುತ್ತದೆ. ತುಕ್ಕು ಹಿಡಿಯಬಾರದೆಂದು ಯಜಮಾನರು ಗಾಡಿಯನ್ನೂ ಅಲ್ಲಿಗೇ ತಳ್ಳಿಸಲು ಹೊರಟಿದ್ದರು. ಮೇಸ್ತ್ರಿ ಅಡ್ಡ ನಿಂತರು. ಪೆಟ್ರೋಲಿನ ಆವಿ ನೆಲ ಹಿಡಿದುಕೊಂಡು ಬೆಂಕಿ ಹುಡುಕಿಕೊಂಡು ಹೋಗುತ್ತದೆ ಎಂದು ವಾದಿಸಿ, ಟ್ಯಾಂಕು ಖಾಲಿ ಮಾಡಿಸಿ, ಗಾಡಿಯನ್ನು ದೂರದ ಶೆಡ್ಡಿಗೂ ಕ್ಯಾನನ್ನು ಇನ್ನೊಂದು ಗಾಳಿಯಾಡುವ ಮಾಡಿನ ಕೆಳಗೂ ಸಾಗಿಸಿದರು. ಆ ಸಂಜೆಯೇ ನಾನು ಅತಿಥಿಗಳೆದುರು ನಾಲ್ಕು ಕಾಲಿನಲ್ಲಿ ತೆವಳಿ, ಒಲೆ ಹುಡುಕುವ ಪೆಟ್ರೋಲಾಗಿದ್ದೆ. ದೂರದಲ್ಲಿ ನಿಂತು ನೋಡಿದ ಮೇಸ್ತ್ರಿಯೂ ನಕ್ಕಿದ್ದರು. ನಕ್ಕರಲ್ಲ ಎಂಬುದನ್ನೇ ನಾನು ಅಪ್ಪಣೆ ಎಂದುಕೊಂಡೆ.

ಮರುವರ್ಷದ ಚೌತಿಯ ನಂತರ ಒಂದು ಕುಟುಂಬ ನಿಶ್ಚಿತಾರ್ಥಕ್ಕೆಂದು ಬಂದಿಳಿಯಿತು. ಮರುದಿನ ಬೆಳಿಗ್ಗೆ ಹುಲ್ಲಿನ ಮೇಲೇ ಕಾರ್ಯ. ಮಧ್ಯಾಹ್ನ ಅರ್ಧ ಕತ್ತರಿಸಿದ್ದಾಗ ಪೆಟ್ರೋಲ್ ಮುಗಿದು ಗಾಡಿ ನಿಂತಿತು. ಮೋಡ ಕವಿಯುತ್ತಿತ್ತು. ಮೇಸ್ತ್ರಿ ಇಳಿದು ಕಟ್ಟೆಯ ಮೇಲೆ ಕೂತು ಎಲೆ ತೆಗೆದರು. ಜಗಲಿಯ ತುಂಬ ಜನ. ಇಷ್ಟು ಒಳ್ಳೆಯ ಸಭೆ ನನಗೆ ಎಲ್ಲಿ ಸಿಗಬೇಕು? ಕೆನ್ನೆಯೊಳಗೆ ನಾಲಿಗೆ ಒತ್ತಿ ಕವಳದ ಉಬ್ಬು ಮಾಡಿಕೊಂಡು, ಕಾಫಿ ಫ್ಲಾಸ್ಕಿನ ಹತ್ತಿರ ಕೈ ಹಿಡಿದು, ಅವರದೇ ದನಿಯಲ್ಲಿ ಹೇಳಿದೆ:

“ತಡಿ ಮಾರಾಯ, ಇನ್ನೂ ಜ್ವರ ಬಿಟ್ಟಿಲ್ಲ ಇದಕ್ಕೆ.”

ಜಗಲಿ ಬಿದ್ದು ಬಿದ್ದು ನಕ್ಕಿತು. ಯಜಮಾನರೂ ಹುರುಪಾದರು. “ಮೇಸ್ತ್ರೀ, ನಿಮ್ಮ ಕವಳ ಮುಗಿಯೋದ್ರೊಳಗೆ ಇವರ ಮಗೂದು ನಾಮಕರಣ ಆಗ್ತದೆ ನೋಡಿ.”

ಮೇಸ್ತ್ರಿ ಎಲೆಯನ್ನು ವಾಪಸು ಡಬ್ಬಿಗೆ ಹಾಕಿದರು. ನಮ್ಮ ಕಡೆ ನೋಡಲಿಲ್ಲ. ನೇರ ಹೋಗಿ ಕ್ಯಾನು ತಂದರು. ಇಂಜಿನ್ ಬಿಸಿಯಿದೆ ಎಂದು ಆ ಜಗಲಿಯಲ್ಲಿ ಚೆನ್ನಾಗಿ ಗೊತ್ತಿದ್ದವನು ನಾನೊಬ್ಬನೇ. ಅವರ ಪಾಠವನ್ನು ನನ್ನಷ್ಟು ಸಲ ಒಪ್ಪಿಸಿದವರು ಇನ್ನಾರೂ ಇರಲಿಲ್ಲ. ಬೇಡ ಎನ್ನಲು ಒಂದೇ ಶಬ್ದ ಸಾಕಿತ್ತು. ನಗು ಇನ್ನೂ ನಿಂತಿರಲಿಲ್ಲವಲ್ಲ, ಕೆಡಿಸಲು ಮನಸ್ಸಾಗಲಿಲ್ಲ.

ಅವಸರಕ್ಕೆ ಪೆಟ್ರೋಲ್ ಹೊರಗೆ ಚೆಲ್ಲಿ ಸೈಲೆನ್ಸರಿನ ಮೇಲೆ ಬಿತ್ತು. ಬುಸ್ಸೆಂದು ಬೆಂಕಿ ಎದ್ದಿತು. ಮೇಸ್ತ್ರಿ ಮೊದಲು ಕ್ಯಾನನ್ನು ಮನೆಯಿಂದ ಆಚೆಗೆ ಎಸೆದರು, ಆಮೇಲೆ ಉರಿಯುತ್ತಿದ್ದ ತಮ್ಮ ತೋಳನ್ನು ನೋಡಿಕೊಂಡರು. ಹಸಿ ಗೋಣಿ ಹಿಡಿದು ಓಡಿದವಳು ಅಡುಗೆಯ ಅಕ್ಕ. ನಾನು ನಿಂತೇ ಇದ್ದೆ. ನಾಲಿಗೆ ಇನ್ನೂ ಕೆನ್ನೆಯೊಳಗೇ ಇತ್ತು.

ಮೇಸ್ತ್ರಿ ಸಾಗರದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರನ್ನು ನೋಡಲು ಹೋದೆ. ಬಲಗೈ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನಾನು ಕ್ಷಮೆ ಕೇಳುವ ಮೊದಲೇ ಅವರು ಹೇಳಿದರು, “ನಿಂದೆಂಥ ಇಲ್ಲ ಬಿಡಾ. ನಗ್ತಾರೆ ಅಂತ ಹೊಯ್ದೋನು ನಾನು. ಈ ವಯಸ್ಸಿಗೆ ನಂಗ್ಯಾಕೆ ಬೇಕಿತ್ತು ನಾಚಿಕೆ?” ಎಡಗೈಯಲ್ಲಿ ಎಲೆಯ ಡಬ್ಬಿ ಎಳೆದುಕೊಂಡು, “ಕೆಲ್ಸ ಗೊತ್ತಿಲ್ದೋನು ಅಂತ ಹೇಳ್ತಿದಾರಂತೆ. ಅದೊಂದು ಆಗ್ಬಾರ್ದಿತ್ತು.”

ಹೌದು, ಹಾಗೇ ಹೇಳುತ್ತಿದ್ದರು. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹೊಯ್ದು ಗಾಡಿ ಸುಟ್ಟ ಮೇಸ್ತ್ರಿ ಎಂಬ ಕಥೆ ಅವರಿಗಿಂತ ಮೊದಲೇ ಕೋಣಂದೂರು ತಲುಪಿತ್ತು. ಟಿಲ್ಲರ್ ರಿಪೇರಿಗೆ ಕರೆಯುವವರೇ ಇರಲಿಲ್ಲ. ಯಜಮಾನರು ಪ್ರತಿ ಹೊಸ ಅತಿಥಿಗೂ ಅದನ್ನು ರಸವತ್ತಾಗಿ ಹೇಳುವರು. ನಾನು ಟ್ರೇ ಹಿಡಿದು ಕೇಳುತ್ತಾ ನಿಂತಿರುತ್ತಿದ್ದೆ. ಹೀಗೆ ಮೂರು ಸಲ ನಿಂತೆ. ಊರವರೆಲ್ಲರ ಮಾತು ಬರುತ್ತಿದ್ದ ಬಾಯಿಗೆ ನನ್ನದೊಂದು ಮಾತು ಬರಲಿಲ್ಲ.

ನಾಲ್ಕನೆಯ ಸಲ ಬಂದವರು ತೀರ್ಥಹಳ್ಳಿಯ ಕಡೆಯ ತೋಟದವರು. ಟಿಲ್ಲರಿಗೆ ಒಳ್ಳೆಯ ಮೇಸ್ತ್ರಿ ಬೇಕು ಎಂದರು. ಕೋಣಂದೂರಿನ ಒಬ್ಬನಿದ್ದಾನೆ, ಅವನನ್ನು ಮಾತ್ರ ಕರೆಯಬೇಡಿ ಎಂದು ಯಜಮಾನರು ಕಥೆ ಶುರುಮಾಡಿದರು.

“ಅವರು ಕಾಯ್ತಾನೇ ಇದ್ರು. ನಾವು ನಗಾಡಿ ಎಬ್ಬಿಸಿದ್ದು. ಮೊದ್ಲು ಶುರು ಮಾಡಿದ್ದು ನಾನು,” ಎಂದೆ.

ಬಂದವರು ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ನನ್ನನ್ನೇ ನೋಡಿದರು, ಇದು ಯಾರ ದನಿ ಎಂದು ಗುರುತಿಸಲು ಕಾಯುತ್ತಿರುವವರಂತೆ. ಇನ್ನೊಮ್ಮೆ ಹೇಳಬೇಕಾಯಿತು. ಆಗ ಯಾರೂ ನಗಲಿಲ್ಲ. ಯಜಮಾನರು ಎದ್ದು ಒಳಗೆ ಹೋದರು. ತೋಟದವರು ಮೇಸ್ತ್ರಿಯ ಫೋನ್ ನಂಬರು ಕೇಳಿ ಬರೆದುಕೊಂಡರು.

ಅವರು ಕರೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಮೇಸ್ತ್ರಿಯನ್ನೇ ಕೇಳಬಹುದು. ಕೇಳಲು ಮುಖವಿಲ್ಲ.